ಮಾವಿಗೆ ಇಂಡಿಕಾ, ಎಳ್ಳಿಗೆ ಇಂಡಿಕಮ್: ಒಂದು ಲ್ಯಾಟಿನ್ ಗುಣವಾಚಕದ ಪಾಠ

ದ್ವಿನಾಮ ನಾಮಕರಣದ ಪಾಠವನ್ನು ನಾವು ಪ್ರಶಿಕ್ಷಣಾರ್ಥಿಗಳು ಮಾಡುವ ಕ್ರಮ ಬಹುಮಟ್ಟಿಗೆ ಒಂದೇ. ಲಿನೇಯಸ್‌ನ ಹೆಸರು ಹೇಳುತ್ತೇವೆ. ಮೊದಲ ಪದ ಜಾತಿಯನ್ನು, ಎರಡನೆಯ ಪದ ಪ್ರಭೇದವನ್ನು ಸೂಚಿಸುತ್ತದೆ ಎನ್ನುತ್ತೇವೆ. ಮೊದಲ ಪದದ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್, ಕೈಬರಹದಲ್ಲಿ ಎರಡಕ್ಕೂ ಅಡಿಗೆರೆ. ಉದಾಹರಣೆಗೆ ಮಾವು, ಮ್ಯಾಂಜಿಫೆರಾ ಇಂಡಿಕಾ. ಆಮೇಲೆ ಹತ್ತು ಹೆಸರುಗಳ ಪಟ್ಟಿ, ಬಾಯಿಪಾಠ, ಮುಂದಿನ ಅಂಶ. ಎರಡನೆಯ ಪದ ಒಂದು ಮಾತು, ಅದಕ್ಕೆ ಅರ್ಥವಿದೆ, ವ್ಯಾಕರಣವಿದೆ ಎಂಬುದು ಪಾಠಯೋಜನೆಯ ಯಾವ ಕಾಲಮಿನಲ್ಲೂ ಬರುವುದಿಲ್ಲ.

ಒಂಬತ್ತನೆಯ ತರಗತಿಗೆ ವರ್ಗೀಕರಣದ ಪಾಠ ತೆಗೆದುಕೊಂಡಾಗ ನಾನು ಈ ಎರಡನೆಯ ಪದಕ್ಕೆ ಹದಿನೈದು ನಿಮಿಷ ಮೀಸಲಿಟ್ಟೆ. ಅದೂ ಒಂದೇ ಒಂದು ಪದಕ್ಕೆ: ಇಂಡಿಕಸ್. ಆ ಹದಿನೈದು ನಿಮಿಷ ಹೇಗೆ ನಡೆಯಿತು, ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದನ್ನು ಮುಂದೆ ಇದೇ ಪಾಠ ಮಾಡುವವರಿಗಾಗಿ ಬರೆಯುತ್ತಿದ್ದೇನೆ.

ನನಗೆ ಸಿಕ್ಕಿದ್ದ ಶಾಲೆ ರಾಮನಗರದ ಕಡೆಯದು. ಮಕ್ಕಳಲ್ಲಿ ಹಲವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಆದ್ದರಿಂದ ಪಟ್ಟಿಯನ್ನು ಪುಸ್ತಕದಿಂದ ಎತ್ತದೆ ಅವರು ಕಂಡಿರುವುದರಿಂದಲೇ ಆರಿಸಿದೆ. ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ: ಮಾವು, ಮ್ಯಾಂಜಿಫೆರಾ ಇಂಡಿಕಾ, ಬೇವು, ಅಜಾಡಿರಾಕ್ಟಾ ಇಂಡಿಕಾ, ಎಳ್ಳು, ಸೆಸಮಮ್ ಇಂಡಿಕಮ್, ಟಿಟ್ಟಿಭ ಹಕ್ಕಿ, ವನೆಲ್ಲಸ್ ಇಂಡಿಕಸ್, ನಮ್ಮ ಆನೆ, ಎಲಿಫಸ್ ಮ್ಯಾಕ್ಸಿಮಸ್ ಇಂಡಿಕಸ್. ಆನೆಗೆ ಮೂರು ಪದ ಯಾಕೆ ಎಂದು ಕೇಳಿದರು. ಮೂರನೆಯದು ಉಪಪ್ರಭೇದ ಎಂದಷ್ಟೇ ಹೇಳಿ ಮುಂದೆ ಹೋದೆ. ಹಲಗೆ ನೋಡಿ ಏನಾದರೂ ಕಾಣುತ್ತದೆಯೇ ಎಂದು ಕೇಳಿ ಸುಮ್ಮನೆ ನಿಂತೆ.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಹೇಳಿದಳು: “ಮಿಸ್, ಹಿಂದಿನ ಟೆಸ್ಟಲ್ಲಿ ನಾನು ಸೆಸಮಮ್ ಇಂಡಿಕಾ ಅಂತ ಬರೆದಿದ್ದೆ. ತಪ್ಪು ಹಾಕಿದ್ರು. ಮಾವಿಗೆ ಇಂಡಿಕಾ ಸರಿ ಅಂದ್ರೆ ಎಳ್ಳಿಗೆ ಯಾಕೆ ತಪ್ಪು?”

ಈ ಪ್ರಶ್ನೆಗೆ “ಅದು ಹಾಗೇ ಇರೋದು, ನೆನಪಿಟ್ಟುಕೊ” ಎನ್ನುವುದು ಸುಲಭ. ಆದರೆ ಕಾರಣ ಇರುವ ಕಡೆ ಕಾರಣವಿಲ್ಲ ಎಂದು ಹೇಳಿದರೆ, ವಿಜ್ಞಾನವೆಂದರೆ ದೊಡ್ಡವರು ಹೇಳಿದ್ದನ್ನು ಒಪ್ಪಿಕೊಳ್ಳುವುದು ಎಂದು ಮಗು ತಿಳಿಯುತ್ತದೆ. ಅವಳ ಅರ್ಧ ಅಂಕಕ್ಕಿಂತ ಅದು ದೊಡ್ಡ ನಷ್ಟ. ಕಾರಣವೋ ತುಂಬ ಸರಳವಾದದ್ದು, ಕನ್ನಡ ಬಲ್ಲ ಮಗುವಿಗೆ ಐದು ನಿಮಿಷದಲ್ಲಿ ತಿಳಿಯುವಂಥದ್ದು.

ಮೊದಲು ಪದದ ಹುಟ್ಟು ಹೇಳಿದೆ. ಸಿಂಧು ನದಿಯ ಹೆಸರು ಪಾರಸಿಕರ ಬಾಯಲ್ಲಿ ಹಿಂದು ಆಯಿತು. ಸಕಾರ ಅವರಲ್ಲಿ ಹಕಾರ. ಗ್ರೀಕರು ಆ ಹಕಾರವನ್ನೂ ಬಿಟ್ಟು ಇಂಡೋಸ್ ಎಂದರು, ಲ್ಯಾಟಿನ್ನಿನಲ್ಲಿ ಅದು ಇಂಡಸ್. ಆ ನದಿಯಾಚೆಯ ನಾಡು ಇಂಡಿಯಾ. ಆ ನಾಡಿಗೆ ಸೇರಿದ್ದು ಎನ್ನಲು ಗ್ರೀಕಿನಲ್ಲಿ ಇಂಡಿಕೋಸ್, ಲ್ಯಾಟಿನ್ನಿನಲ್ಲಿ ಇಂಡಿಕಸ್. ಹಿಂದೂ, ಹಿಂದಿ, ಇಂಡಿಯಾ, ಇಂಡಿಕಾ ಎಲ್ಲಕ್ಕೂ ಬೇರು ಒಂದೇ ನದಿ. ಇಷ್ಟನ್ನು ಎರಡು ನಿಮಿಷದಲ್ಲಿ ಮುಗಿಸಬಹುದು, ಮುಗಿಸಬೇಕು ಕೂಡ.

ಇನ್ನು ವ್ಯಾಕರಣ. ಇಲ್ಲಿ ಒಂದು ಎಡವುಗಲ್ಲಿದೆ. ಕನ್ನಡದಲ್ಲಿ ಗುಣವಾಚಕ ನಾಮಪದದ ಮುಂದೆ ನಿಂತಾಗ ಬದಲಾಗುವುದೇ ಇಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ. ಹಾಗಾಗಿ ವಿಶೇಷಣವು ವಿಶೇಷ್ಯದ ಲಿಂಗವನ್ನು ಹೊಂದುತ್ತದೆ ಎಂಬ ಸೂತ್ರವನ್ನು ನೇರವಾಗಿ ಹೇಳಿದರೆ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ಆದರೆ ಅದೇ ಪದ ನಾಮಪದವನ್ನು ಬಿಟ್ಟು ತಾನೇ ನಿಂತಾಗ ಏನಾಗುತ್ತದೆ? ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು. ಮೂರು ಲಿಂಗ, ಮೂರು ತುದಿ. ಹಲಗೆಯ ಮೇಲೆ ಮೂರು ಸಾಲು ಬರೆದೆ:

ಇಂಡಿಯಾದವನು, ಇಂಡಿಕಸ್.
ಇಂಡಿಯಾದವಳು, ಇಂಡಿಕಾ.
ಇಂಡಿಯಾದದ್ದು, ಇಂಡಿಕಮ್.

ಇಷ್ಟು ಕಂಡ ಕೂಡಲೇ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಹಂಗಾದ್ರೆ ಮಾವಿನಮರ ಹೆಣ್ಣಾ ಮಿಸ್?” ಎಲ್ಲರೂ ನಕ್ಕರು. ನಗು ಬರುವುದು ಒಳ್ಳೆಯದೇ. ಪಾಠದ ನಿಜವಾದ ಅಂಶ ಈ ಪ್ರಶ್ನೆಯ ಹಿಂದೆಯೇ ಇದೆ.

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮರ ಕಲ್ಲು ನಾಯಿ ಎಲ್ಲ ನಪುಂಸಕ. ಲ್ಯಾಟಿನ್ನಿನಲ್ಲಿ ಲಿಂಗ ಪದಕ್ಕೆ ಅಂಟಿದ್ದು, ವಸ್ತುವಿಗಲ್ಲ. ಮಾವಿನಮರಕ್ಕೆ ಹೆಣ್ಣುತನವಿಲ್ಲ, ಮ್ಯಾಂಜಿಫೆರಾ ಎಂಬ ಪದಕ್ಕೆ ಸ್ತ್ರೀಲಿಂಗವಿದೆ. ಇದನ್ನು ಒಪ್ಪಿಸಲು ಮಕ್ಕಳಿಗೆ ಗೊತ್ತಿರುವ ಇನ್ನೊಂದು ಭಾಷೆ ಬೇಕು. ಹಿಂದಿ ಕಲಿಯುವವರಿಗೆ ಕಾಲಾ ಘೋಡಾ, ಕಾಲೀ ಬಿಲ್ಲೀ ಸಾಕು. ಅಲ್ಲಿ ಕುರ್ಚಿಯೂ ಹೆಣ್ಣೇ. ಸಂಸ್ಕೃತ ಓದುವವರಿದ್ದರೆ ಇನ್ನೂ ಅಚ್ಚುಕಟ್ಟು: ಭಾರತೀಯಃ ವೃಕ್ಷಃ, ಭಾರತೀಯಾ ಲತಾ, ಭಾರತೀಯಂ ಫಲಮ್. ಅರ್ಥದಲ್ಲೂ ರೂಪದಲ್ಲೂ ಇಂಡಿಕಸ್, ಇಂಡಿಕಾ, ಇಂಡಿಕಮ್ ಎನ್ನುವುದರ ಪಕ್ಕದಲ್ಲೇ ಇಡಬಹುದಾದ ಮೂರು ರೂಪಗಳು. ವಿಶೇಷ್ಯಕ್ಕೆ ಯಾವ ಲಿಂಗ, ವಚನ, ವಿಭಕ್ತಿಯೋ ವಿಶೇಷಣಕ್ಕೂ ಅದೇ ಎಂಬ ನಿಯಮ ಎರಡೂ ಭಾಷೆಗಳಿಗೆ ಸಮಾನ. ವೈಜ್ಞಾನಿಕ ಹೆಸರಿನಲ್ಲಿ ವಚನ ಏಕವಚನವೇ, ವಿಭಕ್ತಿ ಪ್ರಥಮೆಯೇ. ಉಳಿಯುವುದು ಲಿಂಗ ಒಂದೇ. ಆದ್ದರಿಂದ ಮಕ್ಕಳಿಗೆ ಲ್ಯಾಟಿನ್ ಕಲಿಸಬೇಕಾಗಿಲ್ಲ. ಮೂರು ತುದಿ ತೋರಿಸಿದರೆ ಸಾಕು.

ಸೆಸಮಮ್ ಎಂಬುದು ಅಮ್ ಎಂದು ಕೊನೆಯಾಗುವ ನಪುಂಸಕ ಪದ, ಆದ್ದರಿಂದ ಇಂಡಿಕಮ್. ಪ್ರಶ್ನೆ ಕೇಳಿದ್ದ ಹುಡುಗಿಯೇ ಇದನ್ನು ಬಾಯಿಬಿಟ್ಟು ಹೇಳಿದಳು. ಇದು ಬರಿಯ ಸಂಪ್ರದಾಯವಲ್ಲ ಎಂಬುದನ್ನೂ ಅವಳಿಗೆ ಹೇಳಿದೆ. ಸಸ್ಯಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯೂ ಪ್ರಾಣಿಗಳದ್ದೂ ಈ ಹೊಂದಾಣಿಕೆಯನ್ನು ಕಡ್ಡಾಯ ಮಾಡಿವೆ. ತಪ್ಪು ತುದಿಯಿಟ್ಟು ಹೆಸರನ್ನು ಪ್ರಕಟಿಸಿದ್ದರೆ ತುದಿಯನ್ನು ಮಾತ್ರ ತಿದ್ದಲಾಗುತ್ತದೆ. ಹೆಸರಿಟ್ಟವರ ಹಕ್ಕು ಹಾಗೇ ಉಳಿಯುತ್ತದೆ. ಸಸ್ಯವನ್ನು ಒಂದು ಜಾತಿಯಿಂದ ಇನ್ನೊಂದಕ್ಕೆ ವರ್ಗಾಯಿಸಿದಾಗಲೂ ಹೀಗೆಯೇ. ನಮ್ಮ ಹುರುಳಿಗೆ ಹಿಂದೆ ಡೋಲಿಕಸ್ ಯೂನಿಫ್ಲೋರಸ್ ಎಂಬ ಹೆಸರಿತ್ತು. ಈಗ ಅದು ಮ್ಯಾಕ್ರೊಟೈಲೋಮಾ ಯೂನಿಫ್ಲೋರಮ್. ಅರ್ಥ ಒಂದೇ, ಒಂಟಿ ಹೂವಿನದು. ಒಡೆಯ ಬದಲಾದ ಮೇಲೆ ತುದಿಯೂ ಬದಲಾಯಿತು. ಅಂದಹಾಗೆ ಇಲ್ಲಿ ಮ್ಯಾಕ್ರೊಟೈಲೋಮಾ ಆಕಾರಾಂತವಾಗಿದ್ದೂ ಸ್ತ್ರೀಲಿಂಗವಲ್ಲ. ಗ್ರೀಕಿನಿಂದ ಬಂದ ಮಾ-ತುದಿಯ ಇಂಥ ಪದಗಳು ನಪುಂಸಕ. ಇದನ್ನು ಶಿಕ್ಷಕರು ತಿಳಿದಿರಬೇಕು, ಒಂಬತ್ತನೆಯ ತರಗತಿಗೆ ಹೇಳಬೇಕಾಗಿಲ್ಲ.

ಹೇಳಲೇಬೇಕಾದದ್ದು ಮರಗಳ ವಿಷಯ. ಅದಿಲ್ಲದಿದ್ದರೆ ಮೂರು ತುದಿಯ ನಿಯಮ ಮರುದಿನವೇ ಮುರಿದು ಬೀಳುತ್ತದೆ. ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕಾ. ಹಿಪ್ಪುನೇರಳೆಯ ಒಂದು ಪ್ರಭೇದದ ಹೆಸರು ಮೋರಸ್ ಇಂಡಿಕಾ. ಮೊದಲ ಪದ ಅಸ್, ಎರಡನೆಯದು ಆ. ತುದಿಗೆ ತುದಿ ಪ್ರಾಸ ಹೊಂದಬೇಕು ಎಂದು ಅಂದುಕೊಂಡಿದ್ದ ಮಗು ಇಲ್ಲಿ ಕಕ್ಕಾಬಿಕ್ಕಿಯಾಗುತ್ತದೆ. ಹೊಂದಬೇಕಾದದ್ದು ಲಿಂಗ, ಸದ್ದಲ್ಲ. ಲ್ಯಾಟಿನ್ ಆಡುತ್ತಿದ್ದವರಿಗೆ ಮರಗಳ ಹೆಸರು ಅಸ್ ಎಂದು ಕೊನೆಯಾದರೂ ಸ್ತ್ರೀಲಿಂಗವೇ ಆಗಿತ್ತು: ಓಕ್ ಮರದ ಕ್ವೆರ್ಕಸ್, ಪೈನ್ ಮರದ ಪೈನಸ್, ಅಂಜೂರದ ಫೈಕಸ್, ಹಿಪ್ಪುನೇರಳೆಯ ಮೋರಸ್. ಅದಕ್ಕೇ ಅರಳಿಮರ ಫೈಕಸ್ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ. ಸಸ್ಯಶಾಸ್ತ್ರಜ್ಞರು ಆ ಹಳೆಯ ರೂಢಿಯನ್ನು ಉಳಿಸಿಕೊಂಡು ಹೊಸ ಮರಗಳಿಗೂ ಹರಡಿದರು. ಹುಣಸೆಯಂತೆಯೇ ನೀಲಗಿರಿ ಮರದ ಯೂಕಲಿಪ್ಟಸ್ ಕೂಡ ಸ್ತ್ರೀಲಿಂಗ.

ಲ್ಯಾಟಿನ್ನಿನಲ್ಲಿ ಪೇರು ಮರ ಪೀರಸ್, ಸ್ತ್ರೀಲಿಂಗ. ಅದರ ಹಣ್ಣು ಪೀರಮ್, ನಪುಂಸಕ. ಸಂಸ್ಕೃತದಲ್ಲೂ ಮಾವಿನ ಮರ ಆಮ್ರಃ, ಹಣ್ಣು ಆಮ್ರಮ್. ಮರಕ್ಕೊಂದು ಲಿಂಗ, ಹಣ್ಣಿಗೆ ನಪುಂಸಕ ಎಂಬ ಏರ್ಪಾಡು ಎರಡೂ ಕಡೆ ಇದೆ. ಆದರೆ ಮರ ಅಲ್ಲಿ ಹೆಣ್ಣು, ಇಲ್ಲಿ ಗಂಡು. ಇದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. ಸಂಸ್ಕೃತ ಬೋಧಿಸುವ ಗೆಳತಿಯೊಂದಿಗೆ ಊಟದ ಬಿಡುವಿನಲ್ಲಿ ಹಂಚಿಕೊಂಡೆ.

ಹಾಗೆಂದು ಎಲ್ಲ ಮರವೂ ಸ್ತ್ರೀಲಿಂಗ ಎಂದು ಬರೆಸಬಾರದು. ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಅಮ್ ತುದಿಯ ಪದ ಮರದ ಹೆಸರಾದರೂ ನಪುಂಸಕ. ಬಿಳಿ ಎಂಬ ಅರ್ಥದ ಅದೇ ಪದ ಹಿಪ್ಪುನೇರಳೆಯಲ್ಲಿ ಮೋರಸ್ ಆಲ್ಬಾ. ಗಂಧದ ಮರ, ರೇಷ್ಮೆಯ ಗಿಡ ಎರಡೂ ಈ ನಾಡಿನ ಮಕ್ಕಳಿಗೆ ಹತ್ತಿರದವು. ಎರಡನ್ನೂ ಒಟ್ಟಿಗೆ ಬರೆದರೆ ನಿಯಮದ ಎರಡೂ ಬದಿ ಒಂದೇ ನೋಟದಲ್ಲಿ ಸಿಗುತ್ತವೆ.

ಕೆಲವೊಮ್ಮೆ ಮೊದಲ ಪದದ ತುದಿ ಏನನ್ನೂ ಹೇಳುವುದಿಲ್ಲ. ಆಗ ಗುಣವಾಚಕವೇ ನಾಮಪದದ ಲಿಂಗವನ್ನು ಬಯಲು ಮಾಡುತ್ತದೆ. ರಾಮದೇವರ ಬೆಟ್ಟದ ಉದ್ದ ಕೊಕ್ಕಿನ ರಣಹದ್ದು ಜಿಪ್ಸ್ ಇಂಡಿಕಸ್. ಜಿಪ್ಸ್ ಪುಲ್ಲಿಂಗವೆಂದು ಇಂಡಿಕಸ್‌ನಿಂದ ತಿಳಿಯಿತು. ಕಾಳುಮೆಣಸು ಪೈಪರ್ ನೈಗ್ರಮ್, ಅಂದರೆ ಪೈಪರ್ ನಪುಂಸಕ. ಈ ಹಿಮ್ಮುಖ ಓದು ಮಕ್ಕಳಿಗೆ ಒಗಟು ಬಿಡಿಸಿದಂತೆ ಇಷ್ಟವಾಯಿತು.

ಎರಡನೆಯ ಪದ ಯಾವಾಗಲೂ ಗುಣವಾಚಕವೇ ಎಂಬ ಭಾವನೆ ಬೆಳೆಯದಂತೆಯೂ ನೋಡಿಕೊಳ್ಳಬೇಕು. ತೊಗರಿಗೆ ಹಳೆಯ ಕೃಷಿ ಪುಸ್ತಕಗಳಲ್ಲಿ ಕಜಾನಸ್ ಇಂಡಿಕಸ್ ಎಂದಿದೆ, ಈಗಿನ ಹೆಸರು ಕಜಾನಸ್ ಕಜನ್. ಇಲ್ಲಿ ಕಜನ್ ಗುಣವಾಚಕವಲ್ಲ, ಪಕ್ಕದಲ್ಲಿ ನಿಲ್ಲಿಸಿದ ನಾಮಪದ. ಅದಕ್ಕೆ ಲಿಂಗದ ಹೊಂದಾಣಿಕೆ ಬೇಕಿಲ್ಲ. ಇನ್ನೂ ಸೊಗಸಾದದ್ದು ಪಾಪಾಸುಕಳ್ಳಿ ಕುಲದ ಒಪನ್ಷಿಯಾ ಫೈಕಸ್-ಇಂಡಿಕಾ. ಇಂಡಿಕಾ ಇಲ್ಲಿ ಹೊಂದಿರುವುದು ಒಪನ್ಷಿಯಾಗಲ್ಲ, ಪಕ್ಕದ ಫೈಕಸ್‌ಗೆ. ಇಂಡಿಯಾದ ಅಂಜೂರ ಎಂದು ಎರಡು ಪದ ಸೇರಿ ಒಂದು ಹೆಸರು. ಲಿನೇಯಸ್ 1753ರಲ್ಲಿ ಇದನ್ನು ಕ್ಯಾಕ್ಟಸ್ ಫೈಕಸ್-ಇಂಡಿಕಾ ಎಂದು ಕರೆದಿದ್ದ. ಕ್ಯಾಕ್ಟಸ್ ಪುಲ್ಲಿಂಗ, ಆದರೂ ಇಂಡಿಕಾ ಇಂಡಿಕಸ್ ಆಗಲಿಲ್ಲ. ದೊಡ್ಡ ತರಗತಿಯ ಜಾಣ ಮಕ್ಕಳಿಗೆ ಇದನ್ನು ಇಟ್ಟುಕೊಳ್ಳಬಹುದು.

ಈ ಪಾಪಾಸುಕಳ್ಳಿಯಿಂದಲೇ ಅರ್ಥದ ಪ್ರಶ್ನೆಗೆ ಬರುತ್ತೇನೆ. ಅದರ ತವರು ಮೆಕ್ಸಿಕೋ. ಹಾಗಾದರೆ ಇಂಡಿಕಾ ಎಲ್ಲಿಂದ ಬಂತು? ಪ್ರಯೋಗಾಲಯದ ಗೋಡೆಗೆ ಹಾಕುವ ಚಾರ್ಟುಗಳಲ್ಲಿ “ಇಂಡಿಕಾ ಎಂದರೆ ಭಾರತದಲ್ಲಿ ಹುಟ್ಟಿದ್ದು” ಎಂದು ಬರೆದಿರುವುದನ್ನು ನೋಡಿದ್ದೇನೆ. ಪದಕ್ಕೆ ಅಷ್ಟು ಭಾರ ಹೊರಿಸಬಾರದು. ಇಂಡಿಕಸ್ ಎಂದರೆ ಇಂಡಿಯಾಕ್ಕೆ ಸಂಬಂಧಪಟ್ಟದ್ದು, ಅಷ್ಟೇ. ಹುಟ್ಟಿದ್ದೋ ಬೆಳೆದದ್ದೋ ಅಲ್ಲಿಂದ ಹಡಗು ಹತ್ತಿ ಬಂದದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಯಾವ ಇಂಡಿಯಾ ಎಂಬುದನ್ನೂ ಹೇಳುವುದಿಲ್ಲ. 1492ರಲ್ಲಿ ಕೊಲಂಬಸ್ ಪಡುವಣಕ್ಕೆ ಹೋಗಿ ಇಂಡೀಸ್ ತಲುಪಿದೆನೆಂದುಕೊಂಡ ಮೇಲೆ ಯುರೋಪಿನವರ ಮಾತಿನಲ್ಲಿ ಇಂಡಿಯಾಗಳು ಎರಡಾದವು, ಮೂಡಣದ್ದು ಮತ್ತು ಪಡುವಣದ್ದು. ಶಾಲೆಯ ಕೈತೋಟದಲ್ಲಿ ಕೆಂಪು ಹಳದಿ ಹೂ ಬಿಡುವ ಕಾನಾ ಗಿಡ, ಕೆಲವರು ಕಾಬಾಳೆ ಎನ್ನುವುದು, ಅದು ಕಾನಾ ಇಂಡಿಕಾ. ತವರು ಅಮೆರಿಕದ ಉಷ್ಣವಲಯ. ಟೇಪರ್ ಎಂಬ ಮೊಂಡು ಸೊಂಡಿಲಿನ ಪ್ರಾಣಿಯೊಂದು ಟೇಪಿರಸ್ ಇಂಡಿಕಸ್. ಅದಿರುವುದು ಮಲೇಷ್ಯಾ, ಸುಮಾತ್ರಾ, ಥಾಯ್ಲೆಂಡ್, ಮ್ಯಾನ್ಮಾರ್ ಕಾಡುಗಳಲ್ಲಿ. ನಮ್ಮ ದೇಶದಲ್ಲಿಲ್ಲ.

ಹುಣಸೆಯ ಕತೆ ಎಲ್ಲಕ್ಕಿಂತ ಸ್ವಾರಸ್ಯ. ಅರಬರು ಅದನ್ನು ತಮರ್ ಹಿಂದಿ ಎಂದರು, ಹಿಂದ್ ದೇಶದ ಖರ್ಜೂರ ಎಂದರ್ಥ. ಅದೇ ಲ್ಯಾಟಿನ್ ವೇಷ ಹಾಕಿ ಟ್ಯಾಮರಿಂಡಸ್ ಆಯಿತು. ಅದರ ಮೇಲೆ ಇಂಡಿಕಾ. ಅಂದರೆ ಒಂದೇ ಹೆಸರಿನಲ್ಲಿ ಇಂಡಿಯಾ ಎರಡು ಸಲ. ಇಷ್ಟು ಒತ್ತಿ ಹೇಳಿದ ಮರದ ತವರು ಆಫ್ರಿಕಾದ ಉಷ್ಣವಲಯ ಎಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಬಗೆಯ ಬೇಸರ ಕಂಡಿತು. “ಹುಣಸೆ ನಮ್ಮದಲ್ವಾ ಮಿಸ್?” ಎಂದು ಒಬ್ಬ ಕೇಳಿದ. ನಮ್ಮದೇ, ನೂರಾರು ವರ್ಷಗಳಿಂದ ನಮ್ಮ ಸಾರಿನಲ್ಲಿದೆ, ನಮ್ಮ ಸಾಲುಮರವಾಗಿದೆ. ಹೆಸರಿಟ್ಟವರು ಕಂಡದ್ದು ಅದನ್ನೇ, ಅದರ ತವರನ್ನಲ್ಲ ಎಂದೆ. ಹೆಸರು ಜನನ ಪ್ರಮಾಣಪತ್ರವಲ್ಲ ಎಂದು ಇಲ್ಲಿ ಒಂದು ವಾಕ್ಯ ಬರೆಸಿದೆ. ತವರನ್ನು ತಿಳಿಯಲು ಬೇರೆ ಸಾಕ್ಷ್ಯ ಬೇಕು: ಕಾಡು ಬಳಗ ಎಲ್ಲಿದೆ, ಪಳೆಯುಳಿಕೆ ಏನು ಹೇಳುತ್ತದೆ, ಈಗಿನ ತಳಿಶಾಸ್ತ್ರ ಏನು ಹೇಳುತ್ತದೆ. ಭಾಷೆಯ ಪಾಠ ವಿಜ್ಞಾನದ ಪಾಠವಾಗುವುದು ಈ ಜಾಗದಲ್ಲಿ.

ನಪುಂಸಕ ರೂಪ ಒಂಟಿಯಾಗಿಯೂ ಬದುಕಿದೆ. ಪ್ರಾಚೀನ ರೋಮಿನವರಿಗೆ ನಮ್ಮ ಕಡೆಯಿಂದ ಹೋಗುತ್ತಿದ್ದ ನೀಲಿ ಬಣ್ಣದ ಹೆಸರು ಇಂಡಿಕಮ್, ಇಂಡಿಯಾದದ್ದು. ಯಾವ ವಸ್ತು ಎಂದು ಹೇಳುವ ಅಗತ್ಯವೇ ಇರಲಿಲ್ಲ. ಹುಬ್ಬಳ್ಳಿ ರೈಲಿನಲ್ಲಿ ಬಂದವರನ್ನು “ಧಾರವಾಡದ್ದು ತಂದ್ರಾ?” ಎಂದು ಕೇಳಿದರೆ ಪೇಡೆ ಎಂದೇ ಅರ್ಥವಾಗುವ ಹಾಗೆ. ಆ ಇಂಡಿಕಮ್ ಪದವೇ ಸವೆದು ಇಂಡಿಗೊ ಆಗಿದೆ. ನೀಲಿ ಗಿಡದ ಹೆಸರು ಇಂಡಿಗೊಫೆರಾ, ಇಂಡಿಗೊವನ್ನು ಹೊರುವವಳು. ಮ್ಯಾಂಜಿಫೆರಾ ಕೂಡ ಹಾಗೆಯೇ, ಮಾವನ್ನು ಹೊರುವವಳು. ಅದರ ಮುಂಭಾಗ ಮಾಂಗಾ ಎಂಬ ನಮ್ಮ ದಕ್ಷಿಣದ ಮಾತು, ಪೋರ್ಚುಗೀಸರ ಬಾಯಿ ದಾಟಿ ಹೋದದ್ದು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ “ಆಸಕ್ತಿದಾಯಕ, ಆದರೆ ಇದು ವಿಜ್ಞಾನದ ಪಾಠವೋ ಭಾಷೆಯ ಪಾಠವೋ?” ಎಂದು ಬರೆದರು. ಶಾಲೆಯ ವಿಷಯ ಶಿಕ್ಷಕರಿಗೆ ಪಾಠಭಾಗ ಮುಗಿಯುವ ಚಿಂತೆ. ಎರಡೂ ನ್ಯಾಯವಾದ ಮಾತೇ. ನನ್ನ ಉತ್ತರ ಇಷ್ಟು: ಹತ್ತು ಹೆಸರು ಬಾಯಿಪಾಠ ಮಾಡಿಸಲು ನಮ್ಮಲ್ಲಿ ಎಲ್ಲರೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಳೆಯುತ್ತೇವೆ, ಅದನ್ನು ಯಾರೂ ಭಾಷೆಯ ಪಾಠ ಎನ್ನುವುದಿಲ್ಲ. ಅರ್ಥವಿಲ್ಲದ ಸದ್ದನ್ನು ಕಲಿಸುವುದು ವಿಜ್ಞಾನ, ಅರ್ಥವಿರುವ ಪದವನ್ನು ಕಲಿಸುವುದು ಭಾಷೆ ಎಂಬ ವಿಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಅವರ ಎಚ್ಚರಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಂಡಿಕಸ್ ಮುಗಿಸಿ ಅಫಿಸಿನಾಲಿಸ್, ಬೆಂಗಾಲೆನ್ಸಿಸ್ ಎಂದು ಮುಂದುವರಿದರೆ ಗುಂಪು ಬೇರೆ, ತುದಿ ಬೇರೆ. ಅಲ್ಲಿ ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಒಂದೇ ರೂಪ, ನಪುಂಸಕಕ್ಕೆ ಮಾತ್ರ ಎಕಾರ. ಶುಂಠಿ ಜಿಂಜಿಬರ್ ಅಫಿಸಿನಾಲೆ ಆಗುವುದು ಹೀಗೆ. ತರಗತಿಯಲ್ಲಿ ಅದನ್ನು ಮುಟ್ಟಬೇಡಿ. ಒಂದು ಗುಣವಾಚಕ, ಮೂರು ತುದಿ, ಮರಗಳ ಒಂದು ವಿಶೇಷ. ಅಲ್ಲಿಗೆ ನಿಲ್ಲಿಸಬೇಕು.

ಇನ್ನೊಂದು ಸಣ್ಣ ವಿಷಯ. ಇಂಡಿಯಾ ಅಂಕಿತನಾಮ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಇಂಡಿಕಾದ ಮೊದಲ ಅಕ್ಷರವನ್ನೂ ಕ್ಯಾಪಿಟಲ್ ಮಾಡುವ ಮಕ್ಕಳಿದ್ದಾರೆ. ಪ್ರಭೇದದ ಪದ ಊರು ನಾಡುಗಳಿಂದ ಬಂದಿದ್ದರೂ ಸಣ್ಣ ಅಕ್ಷರದಲ್ಲೇ ಶುರುವಾಗುತ್ತದೆ ಎಂದು ಅಲ್ಲೇ ಹೇಳಿಬಿಡುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ಕಲಿಸಿದ ಹೆಸರುಗಳನ್ನು ಕೊಡಲಿಲ್ಲ. ಕಪ್ಪು ಎಂಬ ಅರ್ಥದ ನೈಗರ್, ನೈಗ್ರಾ, ನೈಗ್ರಮ್ ಎಂಬ ಮೂರು ರೂಪ ಬರೆದು, ಖಾಲಿ ಬಿಟ್ಟ ಮೂರು ಹೆಸರು ಕೊಟ್ಟೆ. ಗಣಿಕೆ ಸೊಪ್ಪಿನ ಸೊಲಾನಮ್, ಕರಿಸಾಸಿವೆಯ ಬ್ರಾಸಿಕಾ, ಹಳಸಿದ ಈರುಳ್ಳಿಯ ಮೇಲೆ ಕಾಣುವ ಕಪ್ಪು ಬೂಷ್ಟಿನ ಆಸ್ಪರ್ಜಿಲಸ್. ಬಹುಪಾಲು ಮಕ್ಕಳು ಮೂರನ್ನೂ ಸರಿಯಾಗಿ ತುಂಬಿದರು. ಒಬ್ಬ ಮಾತ್ರ ಬೂಷ್ಟಿಗೆ ನೈಗ್ರಾ ಎಂದು ಬರೆದು ಪಕ್ಕದಲ್ಲಿ ಕಾರಣವನ್ನೂ ಕೊಟ್ಟಿದ್ದ: “ಅಸ್ ಇದೆ, ಆದರೆ ಮೋರಸ್ ತರಹ ಇರಬಹುದು.” ಬೂಷ್ಟು ಮರವಲ್ಲ ಎಂದು ಅವನಿಗೆ ತಿಳಿಸಿ, ಆ ಉತ್ತರಕ್ಕೆ ಅರ್ಧ ಅಂಕ ಕೊಟ್ಟೆ.